ಅಪ್‌ಡೇಟ್ ಆದವನನ್ನೇ ಹೊರಗಿಟ್ಟ ಬಾಗಿಲು

ಊರಿನ ಕಂಪ್ಯೂಟರ್ ಸೆಂಟರ್‌ನಲ್ಲಿ ಏನಾದರೂ ಕೈಕೊಟ್ಟರೆ, ಪೇಟೆಯಲ್ಲಿ ಕೂತ ಎಂಜಿನಿಯರ್ ಅಲ್ಲಿಂದಲೇ ಮೌಸ್ ಓಡಾಡಿಸಿ ಸರಿಮಾಡುವುದನ್ನು ನೀವು ನೋಡಿರಬಹುದು. ಇದೇ ರಿಮೋಟ್ ಡೆಸ್ಕ್‌ಟಾಪ್. ಬಾಗಿಲು ತಟ್ಟುವ ತಂತ್ರಾಂಶ ಕ್ಲೈಂಟ್, ಬಾಗಿಲು ತೆರೆಯುವುದು ಸರ್ವರ್. ಇವೆರಡರ ಮಾತು ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

1998ರಲ್ಲಿ ಇಂಥ ಎರಡು ವ್ಯವಸ್ಥೆಗಳು ಜನರ ಕೈಗೆ ಬಂದವು. ಒಂದು, ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧನಾಲಯದ ವಿಎನ್‌ಸಿ. ಇದರಲ್ಲಿ ಸರ್ವರ್ ಮೊದಲು ತನ್ನ ಆವೃತ್ತಿಯನ್ನು 12 ಅಕ್ಷರಗಳಲ್ಲಿ ಹೇಳುತ್ತದೆ. ಕ್ಲೈಂಟ್ ತನಗೆ ಗೊತ್ತಿರುವ ಆವೃತ್ತಿಯನ್ನು ಹೇಳುತ್ತದೆ. ಮಾತುಕತೆ ಆಮೇಲೆ.

ಇನ್ನೊಂದು ಮೈಕ್ರೋಸಾಫ್ಟ್‌ನ ಆರ್‌ಡಿಪಿ. ಮೊದಮೊದಲು ಇದು ಯಾರೇ ಬಂದರೂ ಲಾಗಿನ್ ಪರದೆ ತೋರಿಸುತ್ತಿತ್ತು. ವಿಂಡೋಸ್ ವಿಸ್ತಾ ಕಾಲಕ್ಕೆ ಎನ್‌ಎಲ್‌ಎ ಎಂಬ ಕಾವಲು ಬಂತು: ನೀನು ಯಾರೆಂದು ಮೊದಲು ಸಾಬೀತುಮಾಡು, ಪರದೆ ಆಮೇಲೆ. ಎಕ್ಸ್‌ಪಿಗೆ ಈ ಮಾತು ಗೊತ್ತಿರಲಿಲ್ಲ. 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಕಲಿಸಿದರು, ಆದರೆ ಆಫ್ ಮಾಡಿಯೇ ಇಟ್ಟಿದ್ದರು.

ನಿಜವಾದ ಗೊಂದಲ ಎದ್ದದ್ದು 2018ರಲ್ಲಿ. ಗುರುತು ಸಾಬೀತುಪಡಿಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ಭಾಗದಲ್ಲಿ ಬಿರುಕು ಸಿಕ್ಕಿತು. ದಾರಿ ಮಧ್ಯೆ ಕೂತ ಕಳ್ಳ ನಿಮ್ಮ ಗುರುತನ್ನೇ ಬಳಸಿ ಸರ್ವರ್‌ನಲ್ಲಿ ತನಗೆ ಬೇಕಾದ್ದನ್ನು ಮಾಡಿಸಬಹುದಿತ್ತು. ಮಾರ್ಚ್ 13ರಂದು ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು. ಮೇ 8ರಂದು ನಿಯಮ ಬಿಗಿ ಮಾಡಿತು: ಅಪ್‌ಡೇಟ್ ಆದ ಕ್ಲೈಂಟ್, ಅಪ್‌ಡೇಟ್ ಆಗದ ಸರ್ವರ್ ಜೊತೆ ಮಾತಾಡಕೂಡದು.

ಮರುದಿನ ಕೂತವರಿಗೆ ಪರದೆಯ ಮೇಲೆ ದೃಢೀಕರಣ ದೋಷದ ಸಂದೇಶ. ಅದರಲ್ಲಿ 'ಆರಕಲ್' ಎಂಬ ಪದ ಬೇರೆ. ಅದೇ ಹೆಸರಿನ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಅದು ಗೂಢಲಿಪಿ ಶಾಸ್ತ್ರದ ಪದ. ವಿಚಿತ್ರವೆಂದರೆ, ಅಪ್‌ಡೇಟ್ ಮಾಡದ ಹಳೇ ಕಂಪ್ಯೂಟರ್ ಸಲೀಸಾಗಿ ಒಳಗೆ ಹೋಗುತ್ತಿತ್ತು. ಹಾಗಾಗಿ ತಪ್ಪೆಲ್ಲ ಹೊಸ ಅಪ್‌ಡೇಟಿನದೇ ಎಂದು ಕಾಣುತ್ತಿತ್ತು. ನಿಜವಾಗಿ ಹಿಂದುಳಿದಿದ್ದು ಸರ್ವರ್. ಆದರೆ ಅದನ್ನು ಅಪ್‌ಡೇಟ್ ಮಾಡಲು ದೂರದಿಂದ ಒಳಗೆ ಹೋಗಬೇಕಿತ್ತು, ಬಾಗಿಲೇ ಮುಚ್ಚಿತ್ತು.

ಆಗ ಎರಡು ದಾರಿ. ಸರ್ವರ್ ಇರುವ ಜಾಗಕ್ಕೇ ಹೋಗಿ ಅಪ್‌ಡೇಟ್ ಮಾಡುವುದು ಒಂದು. ಕ್ಲೈಂಟ್‌ನ ಕಾವಲು ತಾತ್ಕಾಲಿಕವಾಗಿ ಸಡಿಲಿಸಿ, ಒಳಹೋಗಿ ಸರ್ವರ್ ಅಪ್‌ಡೇಟ್ ಮಾಡಿ, ಮತ್ತೆ ಬಿಗಿ ಮಾಡುವುದು ಇನ್ನೊಂದು. ಕೊನೆಯ ಹೆಜ್ಜೆ ಮರೆತರೆ ಬಿರುಕು ಹಾಗೇ ಉಳಿಯುತ್ತದೆ.

ಒಂದೇ ವರ್ಷದಲ್ಲಿ, 2019ರ ಮೇನಲ್ಲಿ, 'ಬ್ಲೂಕೀಪ್' ಎಂಬ ಇನ್ನೊಂದು ದೋಷ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹಳೇ ವಿಂಡೋಸ್ ಯಂತ್ರಗಳನ್ನು ವಶಮಾಡಿಕೊಳ್ಳುವಂಥದ್ದು. 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ಎನ್‌ಎಲ್‌ಎ ಆನ್ ಇದ್ದ ಕಡೆ ಪಾಸ್‌ವರ್ಡ್ ಗೊತ್ತಿಲ್ಲದ ಕಳ್ಳನಿಗೆ ಸ್ವಲ್ಪ ತಡೆ ಇತ್ತು. ಹಳೇ ಕ್ಲೈಂಟ್ ಸೇರಲೆಂದು ಅದನ್ನು ಆಫ್ ಮಾಡಿದ್ದ ಕಡೆ ಆ ತಡೆಯೂ ಇರಲಿಲ್ಲ.

ನಿಮ್ಮೂರಿನ ಸೆಂಟರ್‌ನಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದೇ ಕಂಪ್ಯೂಟರ್ ಮೂಲಕ ಹಾದುಹೋಗುತ್ತವೆ. ಯಾರಾದರೂ 'ಕನೆಕ್ಟ್ ಆಗ್ತಿಲ್ಲ, ಸೆಕ್ಯುರಿಟಿ ತೆಗೆದುಬಿಡೋಣ' ಎಂದರೆ, ಯಾವ ಕಡೆ ಅಪ್‌ಡೇಟ್ ಆಗಿಲ್ಲ ಎಂದು ಮೊದಲು ಕೇಳಿ. ತೆಗೆದರೂ, ಮತ್ತೆ ಯಾವಾಗ ಹಾಕುತ್ತೀರಿ ಎಂದು ಕೇಳಿ.