ನಿರುದ್ಯೋಗದ ಲೆಕ್ಕದಾಗ ನಮ್ಮ ಕೇರಿ ಎಲ್ಲೈತಿ?

ಸ್ವಲ್ಪ ಉದ್ದ ಬರೆದೀನಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಕೇಂದ್ರ ಸರ್ಕಾರ 2025ರ ಮೇ 15ರಿಂದ ನಿರುದ್ಯೋಗದ ಲೆಕ್ಕವನ್ನು ಪ್ರತಿ ತಿಂಗಳು ಹೊರಡಿಸೋಕೆ ಶುರು ಮಾಡಿತು. ಮೊದಲು ಬಂದದ್ದು ಏಪ್ರಿಲ್ ತಿಂಗಳದ್ದು: 15 ವರ್ಷ ಮೇಲ್ಪಟ್ಟವರಲ್ಲಿ ಶೇ. 5.1. ಮೇ ತಿಂಗಳಿಗೆ ಅದು ಶೇ. 5.6 ಆಯ್ತು. ಆವಾಗಿನಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿನಾಗ ತಿಂಗಳಿಗೊಮ್ಮೆ ಜಗಳ ತಪ್ಪಿಲ್ಲ. ಒಬ್ಬರು "ನೋಡ್ರಿ, ನೂರರಾಗ ಐದೇ ಮಂದಿ ಖಾಲಿ ಅದಾರ" ಅಂತಾರೆ. ಇನ್ನೊಬ್ಬರು "ಎಲ್ಲಾ ಸುಳ್ಳು, ನಮ್ಮ ಓಣ್ಯಾಗ ಡಿಗ್ರಿ ಮುಗಿಸಿದ ಹುಡುಗೂರು ಕಟ್ಟಿ ಮ್ಯಾಲೆ ಕುಂತಾರ" ಅಂತಾರೆ. ನನಗೆ ಎರಡೂ ಅವಸರದ ಮಾತು ಅನ್ನಿಸುತ್ತೆ. ಈ ಲೆಕ್ಕ ನಂಬಬೇಕೋ ಬಿಡಬೇಕೋ ಅಂತ ಕೇಳೋ ಮೊದಲು, 'ಕೆಲಸ' ಅಂದ್ರೆ ಏನು ಅಂತ ತೀರ್ಮಾನ ಮಾಡಿದವರು ಯಾರು ಅಂತ ಕೇಳಬೇಕು. ಅದರ ಇತಿಹಾಸ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಣ್ಣಿನಾಗೇ ಐತಿ.

ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಅಂದ್ರೆ ಪಗಾರ ಇಲ್ಲ, ಕಾವಲು ಚಾಕರಿಗೆ ಬದಲು ಭೂಮಿ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇಂಥ ಭೂಮಿಗಳ ಮೇಲೆ ಕೈ ಹಾಕಿತು. ರಾಯಣ್ಣನ ದಂಗೆಯ ಹಿಂದೆ ಆ ಸಿಟ್ಟೂ ಇತ್ತು. 1831ರ ಜನವರಿ 26ಕ್ಕೆ ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ಆ ವ್ಯವಸ್ಥೆಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮ್ಯಾಲೆ ಇದ್ದವರು ನಮ್ಮ ಹಿರಿಯರು. ಡಂಗುರ ಸಾರೋದು, ಸತ್ತ ದನ ಎಳೆಯೋದು, ಸಾವಿನ ಸುದ್ದಿ ಬ್ಯಾರೆ ಊರಿಗೆ ಮುಟ್ಟಿಸೋದು, ಸರ್ಕಾರದ ಟಪಾಲು ಒಯ್ಯೋದು, ಸಾಹೇಬರು ಊರಿಗೆ ಬಂದರೆ ಸಾಮಾನು ಹೊರೋದು. ಇದಕ್ಕೆಲ್ಲ ಸಿಗುತ್ತಿದ್ದದ್ದು ತುಂಡು ಇನಾಮು ಭೂಮಿ, ಸುಗ್ಗಿಯಾಗ ಕಣದಿಂದ ಒಂದಿಷ್ಟು ಆಯ.

ಬೈಲಹೊಂಗಲ ಆಗ ಸಂಪಗಾವಿ ತಾಲೂಕಿನೊಳಗೆ, ಸವದತ್ತಿ ಪರಸಗಡ ತಾಲೂಕಿನೊಳಗೆ. ಎರಡೂ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ರಾಮದುರ್ಗ 1948ರ ತನಕ ಬೇರೆ ಸಂಸ್ಥಾನ. ಮುಂಬೈ ಸರ್ಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿ ಈ ವತನಗಿರಿಗೆ ಕಾನೂನಿನ ಬೇಲಿ ಹಾಕಿತು. ಅದನ್ನು ತಿದ್ದಬೇಕು ಅಂತ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದವರು ಬಾಬಾಸಾಹೇಬರು. ಅವರ ವಾದ ಸರಳ: ವತನದಾರ ಹಗಲು ರಾತ್ರಿ ಯಾವಾಗ ಕರೆದರೂ ಹೋಗಬೇಕು, ಅವನು ಊರಾಗ ಇಲ್ಲದಿದ್ದರೆ ಅವನ ಅಪ್ಪನೋ ಮನೆಯವರೋ ಆ ಚಾಕರಿ ಮಾಡಬೇಕು, ಸರ್ಕಾರ ಕೆಲಸ ತೊಗೊಂಡು ಪಗಾರ ಕೊಡೋದಿಲ್ಲ.

ಈಗ ಒಂದು ವಿಚಾರ ಮಾಡ್ರಿ. ಆ ಕಾಲದಾಗ ಯಾರಾದರೂ ಬಂದು ನಮ್ಮ ಕೇರಿಯಾಗ "ಕಳೆದ ವಾರ ಒಂದು ತಾಸಾದರೂ ಕೆಲಸ ಮಾಡಿದಿರೇನು?" ಅಂತ ಕೇಳಿದ್ದರೆ ಉತ್ತರ ಏನು ಬರುತ್ತಿತ್ತು? ಎಲ್ಲರೂ ಹೌದು ಅನ್ನುತ್ತಿದ್ದರು. ನಿರುದ್ಯೋಗ ಶೂನ್ಯ! ಆ ಲೆಕ್ಕ ಸುಳ್ಳಲ್ಲ, ಆದರೆ ಅದರಾಗ ಜೀತಾನೂ ನೌಕರಿ ಅಂತಲೇ ಕೂಡಿಕೊಂಡಿರುತ್ತಿತ್ತು.

ಬಾಬಾಸಾಹೇಬರು ಇದನ್ನು ಅದಕ್ಕೂ ಹತ್ತು ವರ್ಷ ಮೊದಲೇ ಹಿಡಿದಿದ್ದರು. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದು: ತುಂಡು ಭೂಮಿಗೆ ಬೇಕಾದ್ದಕ್ಕಿಂತ ಹೆಚ್ಚು ಮಂದಿ ಅಂಟಿಕೊಂಡಿದ್ದಾರೆ, ಹೊಲದಾಗ ಇದ್ದರೂ ಅವರ ದುಡಿಮೆ ಖಾಲಿ ಹೋಗುತ್ತಿದೆ, ಕೈಗಾರಿಕೆ ಬೆಳೆಯದೆ ಇದು ಬಗೆಹರಿಯೋದಿಲ್ಲ. ನಾಲ್ಕು ಮಂದಿ ಮಾಡೋ ಕಳೆಯನ್ನು ಎಂಟು ಮಂದಿ ತೆಗೆದರೆ ಲೆಕ್ಕದಾಗ ಎಂಟೂ ಮಂದಿಗೆ ಕೆಲಸ ಐತಿ. ಹೊಟ್ಟೆಗೆ ಮಾತ್ರ ಅರ್ಧ.

ಸ್ವಾತಂತ್ರ್ಯ ಬಂದ ಮೇಲೆ ಎಣಿಕೆಯ ಕಥೆ ಇನ್ನೊಂದು ದಾರಿ ಹಿಡೀತು. 1961ರ ಜನಗಣತಿಯಲ್ಲಿ ಹಂಗಾಮಿನ ಕೆಲಸಕ್ಕೆ ಉದಾರವಾದ ವ್ಯಾಖ್ಯೆ ಇತ್ತು. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ದುಡಿದರೂ ಕೆಲಸಗಾರರೇ. 1971ರಲ್ಲಿ "ನಿಮ್ಮ ಮುಖ್ಯ ಕಸುಬು ಏನು?" ಅಂತ ಕೇಳಿದರು. ಹೊಲ, ಮನೆ, ದನ ಮೂರನ್ನೂ ಮಾಡುವ ಹೆಣ್ಣುಮಗಳು "ಮನಿಗೆಲಸ" ಅಂದಳು, ಇಲ್ಲಾ ಅವಳ ಪರವಾಗಿ ಗಂಡ ಅಂದ. ಪರಿಣಾಮ ನೋಡ್ರಿ: 1961ರಲ್ಲಿ ದೇಶದಾಗ ಸುಮಾರು 5.9 ಕೋಟಿ ಇದ್ದ ದುಡಿಯುವ ಹೆಣ್ಣುಮಕ್ಕಳು 1971ಕ್ಕೆ ಸುಮಾರು 3.1 ಕೋಟಿ ಆದರು. ಹತ್ತು ವರ್ಷದಾಗ ಅಷ್ಟು ಮಂದಿ ಕುರ್ಪಿ ಕೆಳಗಿಟ್ಟು ಮನೆಯಾಗ ಕುಂತರೇನು? ಬದಲಾದದ್ದು ಬಹುಪಾಲು ಪ್ರಶ್ನೆ.

ಸರ್ಕಾರಕ್ಕೂ ಇದು ಗೊತ್ತಿತ್ತು. 1970ರಲ್ಲೇ ದಾಂತವಾಲಾ ಸಮಿತಿ, ನಮ್ಮಂಥ ದೇಶದಾಗ ನಿರುದ್ಯೋಗವನ್ನು ಒಂದೇ ಅಂಕಿಯೊಳಗೆ ಹಿಡಿಯೋಕೆ ಆಗೋದಿಲ್ಲ ಅಂತ ಹೇಳಿತು. ಅದಕ್ಕೇ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ವರ್ಷದ ಲೆಕ್ಕ, ವಾರದ ಲೆಕ್ಕ, ದಿನದ ಲೆಕ್ಕ ಅಂತ ಬೇರೆ ಬೇರೆ ಅಳತೆ ಬಂದವು. ಆದರೆ ಜನಸಾಮಾನ್ಯರಿಗೆ ನಿರುದ್ಯೋಗ ಅಂದ್ರೆ ಉದ್ಯೋಗ ವಿನಿಮಯ ಕಚೇರಿಯ ಕಾರ್ಡೇ. ನಮ್ಮ ವಾರಿಗೆಯವರು ಬೆಳಗಾವಿಗೆ ಹೋಗಿ ಸಾಲು ಹಚ್ಚಿ ಅದನ್ನು ರಿನ್ಯೂವಲ್ ಮಾಡಿಸಿದ್ದೇ ಮಾಡಿಸಿದ್ದು. ಹೆಸರು ಬರೆಸಿದವರಷ್ಟೇ ಆ ಲೆಕ್ಕದಾಗ. ಸಾಲೀ ಕಲೀದವರು, ಕೂಲಿಯವರು ಆ ಬಾಗಿಲಿಗೇ ಹೋಗಲಿಲ್ಲ.

ಈಗಿನ ಸಮೀಕ್ಷೆಗೆ ಬರೋಣ. ಅದರ ಹೆಸರು ಪಿಎಲ್‌ಎಫ್‌ಎಸ್, 2017ರಲ್ಲಿ ಶುರುವಾದದ್ದು. ಆಯ್ದ ಮನೆಗಳಿಗೆ ಹೋಗಿ ಕೇಳಿ ಬರೆದುಕೊಳ್ಳುತ್ತಾರೆ. 2025ರಿಂದ ಒಂದೇ ಮನೆಗೆ ಸತತ ನಾಲ್ಕು ತಿಂಗಳು ಹೋಗುತ್ತಾರೆ. ತಿಂಗಳ ಅಂಕಿ ವಾರದ ಅಳತೆಯದ್ದು: ಹಿಂದಿನ ಏಳು ದಿನದಾಗ ಯಾವುದಾದರೂ ಒಂದು ದಿನ ಒಂದು ತಾಸು ದುಡಿದಿದ್ದರೆ ಆ ಮನುಷ್ಯ ಉದ್ಯೋಗಿ. ಪಗಾರ ಇಲ್ಲದೆ ಮನೆಯ ಹೊಲದಾಗ, ಅಂಗಡಿಯಾಗ ಕೈ ಹಚ್ಚಿದರೂ ಉದ್ಯೋಗಿ. ಒಂದು ತಾಸಿನ ನಿಯಮ ಬ್ಯಾರೆ ದೇಶದಾಗೂ ಐತಿ. ಆದರೆ ಅಲ್ಲಿ ನಿರುದ್ಯೋಗ ಭತ್ಯೆ ಇರುತ್ತೆ, ಕೆಲಸ ಹೋದವ ಕೆಲಸ ಹುಡುಕುತ್ತಾ ಕೂರಬಲ್ಲ. ನಮ್ಮ ಕೇರಿಯವ ಸೋಮವಾರ ಕೂಲಿ ಸಿಗಲಿಲ್ಲ ಅಂದ್ರೆ ಮಂಗಳವಾರ ಅರ್ಧ ರೇಟಿಗೆ ಹೋಗುತ್ತಾನೆ. ಬಡವನಿಗೆ ನಿರುದ್ಯೋಗಿ ಆಗಿ ಇರೋದಕ್ಕೂ ತಾಕತ್ತಿಲ್ಲ.

ಈಗ ಏಪ್ರಿಲ್-ಮೇ ಅಂಕಿಯನ್ನೇ ಬಿಡಿಸೋಣ. ನಾನು ಕಚೇರಿಯಾಗ ತಿಂಗಳಾ ತಖ್ತೆ ತುಂಬೋ ಗುಮಾಸ್ತ, ಅದಕ್ಕೇ ಕಾಲಂ ಬಿಡಿಸಿ ನೋಡೋ ಚಟ. 15 ವರ್ಷ ಮೇಲ್ಪಟ್ಟ 1000 ಮಂದಿ ಅಂತ ಹಿಡೀರಿ. ಏಪ್ರಿಲ್‌ನಾಗ ಅವರೊಳಗೆ 528 ಮಂದಿಗೆ ಕೆಲಸ ಇತ್ತು, ಸುಮಾರು 28 ಮಂದಿ ಕೆಲಸ ಬೇಕು ಅಂದವರು. ಎರಡೂ ಕೂಡಿಸಿ 556. ಮೇ ತಿಂಗಳಾಗ ಕೆಲಸ ಇದ್ದವರು 517, ಬೇಕು ಅಂದವರು 31, ಕೂಡಿಸಿದರೆ 548. ಅಂದ್ರೆ ಕೆಲಸ ಇದ್ದವರು 11 ಮಂದಿ ಕಡಿಮೆಯಾದರು, ನಿರುದ್ಯೋಗಿಗಳು ಹೆಚ್ಚಾದದ್ದು 3 ಮಂದಿ ಅಷ್ಟೇ. ಉಳಿದ 8 ಮಂದಿ ಎಲ್ಲಿ? "ಕೆಲಸ ಬೇಕಾಗಿಲ್ಲ" ಅನ್ನೋ ಕಾಲಂಗೆ ಹೋದರು. ಪೇಪರಿನಾಗ ಬಂದದ್ದು 5.1 ಮತ್ತು 5.6, ಈ 8 ಮಂದಿಯ ಸುದ್ದಿ ತಲೆಬರಹಕ್ಕೆ ಬರಲೇ ಇಲ್ಲ. ಹಿಂಗಾರಿ ಸುಗ್ಗಿ ಮುಗೀತು, ಬಿಸಿಲು ಹೆಚ್ಚಾಯ್ತು ಅಂತ ಸರ್ಕಾರ ಕಾರಣ ಹೇಳಿತು. ನಮ್ಮ ಕಡೆ ಮೇ ತಿಂಗಳು ಹೆಂಗಿರುತ್ತೆ ನಿಮಗೇ ಗೊತ್ತು: ಕಬ್ಬಿನ ಕಟಾವು ಮುಗಿದಿರುತ್ತೆ, ಮಳೆ ಬಂದಿರೋದಿಲ್ಲ, ಹೊಲ ಖಾಲಿ. ಅದಕ್ಕೇ ಒಂದು ತಿಂಗಳ ಏರಿಳಿತ ಹಿಡಿದು ಸರ್ಕಾರವನ್ನು ಹೊಗಳೋದೂ ಬ್ಯಾಡ, ಬೈಯೋದೂ ಬ್ಯಾಡ. ಈ ವರ್ಷದ ಮೇ ತಿಂಗಳನ್ನು ಹೋದ ವರ್ಷದ ಮೇ ಜೋಡಿ ಹಿಡಿದು ನೋಡಬೇಕು.

ಲೆಕ್ಕದಿಂದ ಹೊರಗೇ ಉಳಿಯೋರೂ ಅದಾರ. ಈ ಸಮೀಕ್ಷೆಯಲ್ಲಿ ಪ್ರತಿಯೊಬ್ಬರ ಸ್ಥಿತಿಗೂ ಒಂದು ಕೋಡ್ ಇರುತ್ತೆ. ಮನೆಗೆಲಸದ ಜೋಡಿ ಕಟ್ಟಿಗೆ, ಮೇವು ಆರಿಸಿ ತರುವ ಹೆಣ್ಣುಮಕ್ಕಳು ಕೋಡ್ 93. ಭಿಕ್ಷೆ ಬೇಡುವವರು 97. ಸವದತ್ತಿ ಗುಡ್ಡದ ಸುತ್ತ ಪಡ್ಡಲಗಿ ಹಿಡಿದು ಬೇಡಿ ಬದುಕುವ ಜೋಗಮ್ಮಗಳು ಈ 97ರಾಗ. ಅವರು ಉದ್ಯೋಗಿಗಳೂ ಅಲ್ಲ, ನಿರುದ್ಯೋಗಿಗಳೂ ಅಲ್ಲ. ರಾಜ್ಯ ಸರ್ಕಾರದ ಹಳೇ ಸಮೀಕ್ಷೆಗಳಲ್ಲಿ ರಾಜ್ಯದಾಗ 46,660 ದೇವದಾಸಿಯರು ಅಂತ ಲೆಕ್ಕ ಆಯ್ತು. ಆ ಪಟ್ಟಿಯಾಗ ಹೆಸರು ಬಿಟ್ಟುಹೋದವರು ಪಿಂಚಣಿಗಾಗಿ ವರ್ಷಗಟ್ಟಲೆ ಅಲೆದದ್ದನ್ನು ನಾವೆಲ್ಲ ಕಂಡೀವಿ. ಎಣಿಕೆ ಅಂದ್ರೆ ನಮಗೆ ಅನ್ನದ ಪ್ರಶ್ನೆ. ಇನ್ನು ಗುಳೆ ಹೋದವರ ಮನೆಗೆ ಬೀಗ. ಬೀಗ ಹಾಕಿದ ಮನೆಯಾಗ ಉತ್ತರ ಕೊಡೋರು ಯಾರು?

ಮತ್ತೊಂದು ತಿಂಗಳ ಲೆಕ್ಕ ಪಿಎಫ್‌ದು, 2018ರಿಂದ ಬರುತ್ತೆ. "ಇಷ್ಟು ಲಕ್ಷ ಹೊಸ ನೌಕರಿ" ಅಂತ ಅದನ್ನೇ ಹೇಳೋದು. ವರ್ಷಗಟ್ಟಲೆ ಕಸ ಗುಡಿಸಿದ ಹೆಣ್ಣುಮಗಳಿಗೆ ಗುತ್ತಿಗೆದಾರ ಈ ತಿಂಗಳು ಪಿಎಫ್ ಖಾತೆ ತೆರೆದರೆ ಅಲ್ಲಿ ಒಂದು ಹೆಸರು ಹೊಸದಾಗಿ ಕೂಡುತ್ತೆ. ಆಕೆಗೆ ಅದರಿಂದ ಒಳ್ಳೇದೇ. ಆದರೆ ಹೊಸ ನೌಕರಿ ಹುಟ್ಟಲಿಲ್ಲ. ನಿನ್ನೆಯೂ ಅದೇ ಕಸಬರಿಗೆ, ಇವತ್ತೂ ಅದೇ. ಖಾಸಗಿಯವರಾದ ಸಿಎಂಐಇ ಲೆಕ್ಕ ಇನ್ನೊಂದು ತೆರ. 2024ರ ಜೂನ್‌ಗೆ ಅವರು ಶೇ. 9.2 ಅಂದರು, 2023-24ರ ಸರ್ಕಾರಿ ವರ್ಷದ ಲೆಕ್ಕ ಶೇ. 3.2. ಒಂದು ಲೆಕ್ಕ ಕೇಳೋದು ಸಮೀಕ್ಷೆಯ ದಿನದ ಸ್ಥಿತಿ, ಇನ್ನೊಂದು ಕೇಳೋದು ಇಡೀ ವರ್ಷದ್ದು. ಸೇರಿನ ಅಳತೆಯನ್ನು ಚಿಟ್ಟಿ ಅಳತೆ ಜೋಡಿ ಹಚ್ಚಿದರೆ ಜಗಳ ಬಗೆಹರಿಯೋದಿಲ್ಲ.

ಹಂಗಾದ್ರ ನಂಬಬೇಕೋ ಬ್ಯಾಡೋ? ನನ್ನ ಮಾತು ಇಷ್ಟು. "ಎಲ್ಲಾ ಸುಳ್ಳು" ಅಂತ ನಾವು ಬಿಟ್ಟುಬಿಟ್ಟರೆ ಲಾಭ ಆಗೋದು ಆಳುವವರಿಗೆ. 2017-18ರ ಇದೇ ಸಮೀಕ್ಷೆ ಶೇ. 6.1 ನಿರುದ್ಯೋಗ ತೋರಿಸಿತ್ತು. ವರದಿ ಹೊರಗೆ ಬಿಡಲಿಲ್ಲ ಅಂತ 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದು ಮೇ 31ಕ್ಕೆ ವರದಿ ಬಂತು. ಆ ಲೆಕ್ಕದಾಗ ಸತ್ಯ ಇಲ್ಲದಿದ್ದರೆ ಅದನ್ನು ಅಷ್ಟು ದಿನ ತಡೆಹಿಡಿಯೋ ಪ್ರಮೇಯ ಏನಿತ್ತು? ಆದ್ದರಿಂದ ಲೆಕ್ಕವನ್ನು ಕಾಪಾಡಿಕೊಳ್ಳಬೇಕು, ಅದರ ಪ್ರಶ್ನೆಗಳನ್ನು ಹಿಗ್ಗಿಸಬೇಕು.

ತಿಂಗಳ ವರದಿಯಾಗ ಹಳ್ಳಿ-ಪಟ್ಟಣ, ಗಂಡು-ಹೆಣ್ಣು, ವಯಸ್ಸು ಅದಾವ. ಜಾತಿ ಇಲ್ಲ, ಜಿಲ್ಲೆಯೂ ಇಲ್ಲ. ಸಮೀಕ್ಷೆಯವರು ಮನೆಗೆ ಬಂದಾಗ ಪರಿಶಿಷ್ಟ ಜಾತಿಯೋ ಅಲ್ಲವೋ ಅಂತ ಬರೆದುಕೊಂಡೇ ಹೋಗುತ್ತಾರೆ. ಹಂಗಿದ್ದ ಮೇಲೆ ಜಿಲ್ಲಾವಾರು, ಪರಿಶಿಷ್ಟರದ್ದೇ ಬೇರೆ ತೆಗೆದು, ಕನಿಷ್ಠ ವರ್ಷಕ್ಕೊಮ್ಮೆ ಕೊಡ್ರಿ ಅಂತ ಕೇಳೋದು ನಮ್ಮ ಹಕ್ಕು.

ನಮ್ಮ ಕೈಯಾಗಿನ ಕೆಲಸವೂ ಐತಿ. ನರೇಗಾ ನಮ್ಮ ಜಿಲ್ಲೆಗೆ 2007ರಲ್ಲಿ ಬಂತು. ಆ ಕಾಯ್ದೆಯಾಗ ನಮೂನೆ 6 ಕೊಟ್ಟು ತಾರೀಖು ಹಾಕಿದ ರಸೀದಿ ತೊಗೊಂಡರೆ, 15 ದಿನದಾಗ ಕೆಲಸ ಸಿಗದಿದ್ದರೆ ಭತ್ಯೆ. ಒಂದು ಪಂಚಾಯ್ತಿಯಾಗ ನಾನೇ ಕಂಡೀನಿ: ಬಾಯಿಮಾತಿಲೆ ಕೆಲಸ ಕೇಳಿದ ಮಂದಿ ರಸೀದಿ ಇಲ್ಲದೆ ತಿರುಗಿ ಹೋದರು. ಕಾಗದದಾಗ ಆ ವಾರ ಬೇಡಿಕೆ ಸೊನ್ನೆ. ಬಾಯಿಮಾತು ಯಾವ ತಖ್ತೆಗೂ ಏರೋದಿಲ್ಲ. ಬರವಣಿಗೆಯಾಗ ಕೊಡ್ರಿ, ರಸೀದಿ ಕೇಳ್ರಿ. ಸಮೀಕ್ಷೆಯವರು ಬಂದರೆ ಕದ ಹಾಕಬ್ಯಾಡ್ರಿ, ಯಾರ ಪರವಾಗಿಯೂ ಉತ್ತರ ಕೊಡಬ್ಯಾಡ್ರಿ. ಅಕ್ಕಾವ್ರು ತಮ್ಮ ದುಡಿಮೆಯನ್ನು ತಾವೇ ಹೇಳಲಿ.

ವತನ 1961ರ ಕಾಯ್ದೆಯಿಂದ ರದ್ದಾಯ್ತು. ಆದರೂ ಊರ ಗ್ರಾಮ ಸಹಾಯಕರು ಇವತ್ತಿಗೂ ಗೌರವಧನದ ಮ್ಯಾಲೆ ದುಡೀತಾ, ನಮ್ಮನ್ನು ಡಿ ದರ್ಜೆ ನೌಕರರು ಅಂತ ಮಾಡ್ರಿ ಅಂತ ಕೇಳುತ್ತಲೇ ಬಂದಾರ. ತಿಂಗಳ ಲೆಕ್ಕದಾಗ ಅವರೂ ಉದ್ಯೋಗಿಗಳೇ. ಮುಂದಿನ ತಿಂಗಳ ಅಂಕಿ ಬಂದಾಗ ಎಷ್ಟು ಮಂದಿಗೆ ಕೆಲಸ ಐತಿ ಅಂತ ಕೇಳ್ರಿ. ಎಂಥಾ ಕೆಲಸ, ಎಷ್ಟು ಪಗಾರ, ಯಾವ ಜಾತಿಯವರಿಗೆ ಅಂತಲೂ ಕೇಳ್ರಿ.

ಜೈ ಭೀಮ್.