ವಿಜಯನಗರದ ಪುರಗಳು ಮತ್ತು ಪೇಟೆಗಳು

ವಿಜಯನಗರವು 14ನೆಯ ಶತಮಾನದಿಂದ 1565ರವರೆಗೆ ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿ, ಕಮಲಾಪುರಗಳಿಂದ ಹೊಸಪೇಟೆಯವರೆಗೆ ಅದರ ಕುರುಹುಗಳು ಹಬ್ಬಿವೆ. ಇದು ಒಂದೇ ಗೋಡೆಯೊಳಗೆ ಒಂದೇ ನಕ್ಷೆಯಂತೆ ಕಟ್ಟಿದ ನಗರವಲ್ಲ. ಬಂಡೆಗುಡ್ಡಗಳ ನಡುವೆ ನೆಲ ಸಿಕ್ಕಲ್ಲೆಲ್ಲ ಎದ್ದ ಹಲವು ಪುರ, ಪೇಟೆ, ಪಟ್ಟಣಗಳ ಕೂಟ. ಪ್ರತಿ ಪುರಕ್ಕೂ ತನ್ನದೇ ದೇವಸ್ಥಾನ, ತನ್ನದೇ ತೇರಿನ ಬೀದಿ, ತನ್ನದೇ ನೀರಿತ್ತು. ಹೆಸರೂ ಬೇರೆ. ಕೆಲವು ದೇವರ ಹೆಸರಿನಲ್ಲಿ, ಕೆಲವು ಅರಸನ ಹೆಸರಿನಲ್ಲಿ, ಕೆಲವು ರಾಣಿಯ ಹೆಸರಿನಲ್ಲಿ, ಒಂದು ಎಳೆಯ ರಾಜಕುಮಾರನ ಹೆಸರಿನಲ್ಲಿ. ಹಂಪಿಯನ್ನು ಬಿಡಿ ಬಿಡಿ ಗುಡಿಗಳ ಪಟ್ಟಿಯಾಗಿ ನೋಡಿದವರಿಗೆ ನಗರ ಕಾಣುವುದಿಲ್ಲ. ಪುರಗಳಾಗಿ ನೋಡಿದರೆ ಮಾತ್ರ ಕಾಣುತ್ತದೆ.

1980ರ ದಶಕದಲ್ಲಿ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಮತ್ತು ಎಂ.ಎಸ್. ನಾಗರಾಜರಾವ್ ಇಲ್ಲಿನ ನೆಲವನ್ನು ಅಳೆದು, ನಕ್ಷೆ ಮಾಡಿ, ನಗರವನ್ನು ಕೆಲವು ವಲಯಗಳಾಗಿ ವಿಂಗಡಿಸಿದರು. ನದಿಯಂಚಿನ ದೇವಾಲಯ ವಲಯ, ಅದರ ದಕ್ಷಿಣಕ್ಕೆ ನೀರಾವರಿ ಕಣಿವೆ, ಆಚೆಗೆ ಕೋಟೆಯೊಳಗಿನ ಜನವಸತಿ, ಅದರ ಪಶ್ಚಿಮ ತುದಿಯಲ್ಲಿ ಅರಮನೆಯ ಆವರಣ, ಸುತ್ತ ಹೊರಪೇಟೆಗಳು. ಈ ವಿಂಗಡಣೆ ಇಂದು ಹಲವು ಪುಸ್ತಕಗಳಲ್ಲಿ ಬಳಕೆಯಲ್ಲಿದೆ. ಆದರೆ ಇವು ವಿದ್ವಾಂಸರು ಇಟ್ಟ ಹೆಸರುಗಳು. ಅಂದಿನ ಶಾಸನಗಳು ಹೇಳುವುದು ವಿರೂಪಾಕ್ಷಪುರ, ಕೃಷ್ಣಾಪುರ, ವಿಠ್ಠಲಾಪುರ ಎಂದೇ.

ಗದಗ, ಕೊಪ್ಪಳದ ಕಡೆಯಿಂದ ರೈಲಿನಲ್ಲಿ ಬರುವವರು ಮೊದಲು ಇಳಿಯುವುದು ಹೊಸಪೇಟೆಯಲ್ಲಿ. 1520ರ ಸುಮಾರಿಗೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಈ ಹೊಸ ಊರನ್ನು ದಾಟಿಯೇ ರಾಜಧಾನಿಯನ್ನು ಹೊಕ್ಕ. ಆಗಿನ ಅರಸ ಕೃಷ್ಣದೇವರಾಯ ಈ ಭಾಗದಲ್ಲಿ ನಾಗಲಾಪುರ, ತಿರುಮಲದೇವಿ ಪಟ್ಟಣ ಎಂಬ ಹೊಸ ವಸತಿಗಳನ್ನು ಎಬ್ಬಿಸಿದ್ದ. ತಿರುಮಲದೇವಿ ಅವನ ಪಟ್ಟದರಾಣಿ. ಹೊಸ ಊರಿನಿಂದ ಹಳೆಯ ನಗರದವರೆಗೆ ಅಗಲವಾದ ಒಂದೇ ಬೀದಿ, ಎರಡೂ ಬದಿಗೆ ಮನೆ ಮತ್ತು ಅಂಗಡಿಗಳ ಸಾಲು, ದಾರಿಹೋಕರಿಗೆ ನೆರಳಾಗಲೆಂದು ನೆಟ್ಟ ಮರಗಳು ಇದ್ದವೆಂದು ಪಾಯಸ್ ಬರೆದಿಟ್ಟಿದ್ದಾನೆ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನೂ ಅವನು ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ಕೆಲಸ ಮಾಡುತ್ತಿದ್ದರೆಂದು ಅವನ ವರ್ಣನೆ. ರಾಯಕೆರೆಯೆಂಬ ಆ ಕೆರೆಯಲ್ಲಿ ಈಗ ನೀರಿಲ್ಲ. ಕೆರೆಯಂಗಳ ಹೊಲವಾಗಿದೆ, ಏರಿಯ ಮೇಲೆ ರಸ್ತೆ ಹಾದುಹೋಗಿದೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಅನಂತಶಯನಗುಡಿಯ ಹಳೆಯ ಹೆಸರು ಸಾಲೆ ತಿರುಮಲೆ ಮಹಾರಾಯಪುರ. ಕೃಷ್ಣದೇವರಾಯ 1524ರಲ್ಲಿ ತನ್ನ ಮಗ ತಿರುಮಲನ ಹೆಸರಿನಲ್ಲಿ ಈ ಪುರವನ್ನು ಕಟ್ಟಿಸಿದ. ಆ ಮಗು ಹೆಚ್ಚು ಕಾಲ ಬದುಕಲಿಲ್ಲ. ದೇವಸ್ಥಾನ ಮಾತ್ರ ಉಳಿದಿದೆ. ಗರ್ಭಗುಡಿಯ ಮೇಲೆ ಇಟ್ಟಿಗೆಯ ಎತ್ತರದ ಕಮಾನು, ಒಳಗೆ ಮಲಗಿದ ದೇವರಿಗೆಂದೇ ಮಾಡಿದ ಉದ್ದನೆಯ ಪೀಠ. ಪೀಠ ಖಾಲಿ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದಲ್ಲಿರುವ ಅನಂತಶಯನ ವಿಗ್ರಹವೇ ಇಲ್ಲಿಗೆ ಬರಬೇಕಾಗಿದ್ದ ದೇವರು, ದಾರಿಯಲ್ಲಿ ಅಲ್ಲಿಯೇ ನಿಂತುಬಿಟ್ಟ ಎಂಬುದು ಜನರ ನಂಬಿಕೆ. ಹತ್ತಿರದ ಮಲ್ಲಪ್ಪನಗುಡಿಯೂ ಮಲ್ಲಿಕಾರ್ಜುನನ ಗುಡಿಯ ಸುತ್ತ ಬೆಳೆದ ಇಂಥದೇ ಹೊರಪೇಟೆ. ಇನ್ನೂ ಮುಂದಿನ ಕದಿರಾಂಪುರದಲ್ಲಿ ಗುಮ್ಮಟವಿರುವ ಎರಡು ಗೋರಿಗಳೂ ಹಳೆಯ ಮುಸ್ಲಿಂ ಖಬರಸ್ತಾನವೂ ಇವೆ.

ಹೊರಪೇಟೆಗಳಿಂದ ಒಳಗೆ ಹೋಗಲು ಕೋಟೆಯ ಬಾಗಿಲುಗಳನ್ನು ದಾಟಬೇಕಿತ್ತು. ರೋಣ, ನರಗುಂದ ಸೀಮೆಯ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಇಂದಿಗೂ ಅಗಸಿ ಎನ್ನುತ್ತಾರೆ. ವಿಜಯನಗರದಲ್ಲಿ ಅಂಥ ಅಗಸಿಗಳು ಹತ್ತಾರಿದ್ದವು. ನೇರವಾಗಿ ನುಗ್ಗಲಾಗದಂತೆ ದಾರಿಯನ್ನು ಒಂದೆರಡು ಬಾರಿ ತಿರುಗಿಸಿ, ಒಳಗೆ ಕಾವಲಿನವರ ಕಟ್ಟೆ, ಪಕ್ಕದಲ್ಲಿ ಹನುಮಂತನದೋ ಭೀಮನದೋ ಉಬ್ಬುಶಿಲ್ಪ ಇಟ್ಟು ಅವುಗಳನ್ನು ಕಟ್ಟಿದ್ದಾರೆ. ಕೋಟೆಗೋಡೆ ಒಂದು ಬಂಡೆಗುಡ್ಡದಿಂದ ಇನ್ನೊಂದಕ್ಕೆ ಹರಿಯುತ್ತದೆ. ಗುಡ್ಡವೇ ಗೋಡೆಯಾಗುವಲ್ಲಿ ಗೋಡೆ ಕಟ್ಟಿಲ್ಲ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನು ಹೇಳುತ್ತಾನೆ. ಅವನ ಪ್ರಕಾರ ಹೊರಗಿನ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಒಳಸುತ್ತುಗಳಲ್ಲಿ ಅಂಗಡಿಗಳ ಇಕ್ಕಟ್ಟು. ಹೊಲವನ್ನೂ ಕೋಟೆಯೊಳಗೇ ಇಟ್ಟುಕೊಂಡದ್ದು ಈ ನಗರದ ಮುಖ್ಯ ಲಕ್ಷಣ. ಮುತ್ತಿಗೆಯ ಕಾಲದಲ್ಲೂ ಅನ್ನಕ್ಕೆ ಕೊರತೆಯಾಗಬಾರದೆಂಬ ಎಚ್ಚರ ಇದರ ಹಿಂದಿರಬೇಕು.

ಅರಮನೆಯ ಆವರಣವು ಹಲವು ಗೋಡೆಸುತ್ತುಗಳ ಒಂದು ಗುಂಪು. ಮಹಾನವಮಿ ದಿಬ್ಬ, ಕಮಲಮಹಲ್, ಆನೆಲಾಯ, ದಣ್ಣಾಯಕನ ಆವರಣ, ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಿಣಿ, ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ತೊಟ್ಟಿಗಾಲುವೆ ಇಲ್ಲಿವೆ. ಇವುಗಳ ನಡುವೆ 15ನೆಯ ಶತಮಾನದ ಆರಂಭದಲ್ಲಿ ಒಂದನೆಯ ದೇವರಾಯನ ಕಾಲದಲ್ಲಿ ಎದ್ದ ಹಜಾರರಾಮ ದೇವಸ್ಥಾನವಿದೆ. ಸುತ್ತಣ ದಾರಿಗಳೆಲ್ಲ ಈ ಗುಡಿಯ ಮುಂದಕ್ಕೇ ಬಂದು ಸೇರುತ್ತವೆ. ನಗರದ ನಕ್ಷೆಯ ನಾಭಿ ಇದೇ ಎಂದು ಸಂಶೋಧಕರು ಗುರುತಿಸಿರುವುದು ಸರಿಯಾಗಿದೆ. ಅದಕ್ಕೆ ಹತ್ತಿರದಲ್ಲೇ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಪಟ್ಟಣದ ಎಲ್ಲಮ್ಮನ ಗುಡಿಯಿದೆ. ಅರಮನೆಗಳು ಕಲ್ಲಿನ ತಳಪಾಯವಾಗಿ ಉಳಿದರೂ ಎಲ್ಲಮ್ಮನಿಗೆ ಪೂಜೆ ಇನ್ನೂ ನಡೆಯುತ್ತಿದೆ.

ಹಜಾರರಾಮನ ಗುಡಿಯಿಂದ ಈಶಾನ್ಯಕ್ಕೆ ಹೊರಡುವ ಬೀದಿಯೇ ಪಾನ್‌ಸುಪಾರಿ ಬಜಾರು. ಎರಡನೆಯ ದೇವರಾಯ 1426ರಲ್ಲಿ ಇಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದ ಶಾಸನವು ಎಲೆ ಅಡಿಕೆ ಅಂಗಡಿಗಳ ಬೀದಿಯನ್ನು ಹೆಸರಿಸುತ್ತದೆ. ಅರಸನೊಬ್ಬ ತನ್ನ ಅರಮನೆಯ ಮಗ್ಗುಲ ಪೇಟೆಬೀದಿಯಲ್ಲಿ ಬಸದಿ ಕಟ್ಟಿಸಿದ್ದು ಆ ಕಾಲದ ನಗರಜೀವನಕ್ಕೆ ಒಳ್ಳೆಯ ಸಾಕ್ಷಿ. ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿ ಒಂದೇ ಕಡೆ ಇದ್ದವು, ರತ್ನ ಮುತ್ತುಗಳನ್ನು ಬಯಲಿನಲ್ಲೇ ಮಾರುತ್ತಿದ್ದರು, ಗುಲಾಬಿ ಹೂವಿಲ್ಲದೆ ಈ ಊರಿನವರಿಗೆ ದಿನ ಕಳೆಯದು ಎಂದು ಅಬ್ದುರ್ ರಜಾಕ್ ಬರೆದಿದ್ದಾನೆ. ಪ್ರತಿ ಬೀದಿಯಲ್ಲೂ ಕಸುಬಿನವರ, ವ್ಯಾಪಾರಿಗಳ ಕೂಟಗಳಿಗೆ ಸೇರಿದ ಗುಡಿಗಳಿದ್ದುದನ್ನು ಪಾಯಸ್ ಗಮನಿಸಿದ. ಸಂತೆಯೂ ಒಂದೇ ಜಾಗಕ್ಕೆ ಅಂಟಿಕೊಂಡಿರಲಿಲ್ಲ. ದಿನಕ್ಕೊಂದು ಭಾಗದಲ್ಲಿ ಕೂಡುತ್ತಿತ್ತು.

ಕೋಟೆಯೊಳಗಿನ ಜನವಸತಿಯ ಪೂರ್ವ ಭಾಗದಲ್ಲಿ ಮುಸ್ಲಿಂ ಕೇರಿಯಿತ್ತು. ಅರಸನಿಂದ ಸಂಬಳ ಪಡೆಯುವ, ಅವನ ಕಾವಲುಪಡೆಗೆ ಸೇರಿದ ಇಲ್ಲಿಯೇ ಹುಟ್ಟಿದ ಮುಸ್ಲಿಮರು ನಗರದ ಅಂಚಿನಲ್ಲಿ ನೆಲೆಸಿದ್ದರೆಂದು ಪಾಯಸ್ ಹೇಳುತ್ತಾನೆ. ಎರಡನೆಯ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ನೋಡಲು ಅದು ಇಲ್ಲಿನ ಯಾವುದೇ ಕಂಬಸಾಲಿನ ಮಂಟಪದಂತಿದೆ. ಅಲ್ಲಿನ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆದು, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಹೇಳುತ್ತದೆ. ಪಕ್ಕದಲ್ಲಿ ಗುಮ್ಮಟದ ಗೋರಿಯಿದೆ. ಇಲ್ಲಿಂದ ದಕ್ಷಿಣಕ್ಕೆ, ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ, ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥುನಾಥ ತೀರ್ಥಂಕರನಿಗಾಗಿ ಕಟ್ಟಿಸಿದ ಬಸದಿಯಿದೆ. ಜನ ಅದನ್ನು ಗಾಣಗಿತ್ತಿ ಬಸದಿ ಎನ್ನುತ್ತಾರೆ.

ಸಾಮಾನ್ಯರ ಮನೆಗಳು ಮಾತ್ರ ಉಳಿದಿಲ್ಲ. ಮಣ್ಣಿನ ಗೋಡೆಗಳು ಮಳೆಗೆ ಕರಗಿದವು. ಗೋಡೆಯ ಬುಡದ ಕಲ್ಲುಸಾಲು, ಮಡಕೆಯ ಚೂರು, ಹಾಳುಬಾವಿ, ಬಂಡೆಯಲ್ಲೇ ಕೊರೆದ ಒರಳಿನ ಕುಳಿ ಇವೇ ಆ ಜನರ ಗುರುತು. ಒಂದು ಲಕ್ಷಕ್ಕೂ ಮೀರಿ ಮನೆಗಳಿದ್ದುವೆಂದು ಪಾಯಸ್ ಜನರಿಂದ ಕೇಳಿ ಬರೆದ. ಗುಡ್ಡಗಳ ಮರೆಯಿಂದಾಗಿ ಒಂದೇ ನೋಟಕ್ಕೆ ನಗರ ಪೂರ್ತಿ ಕಾಣದು, ಒಂದು ಗುಡ್ಡ ಹತ್ತಿ ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದು ಎಂದದ್ದೂ ಅವನೇ. ಅರಮನೆ, ಗುಡಿಗಳನ್ನು ಕಂಡು ಹಿಂದಿರುಗುವವರು ಈ ಒರಳಿನ ಕುಳಿಗಳನ್ನೂ ಹುಡುಕಿ ನೋಡಬೇಕು. ರಾಗಿ, ಜೋಳ, ಅಕ್ಕಿ ಕುಟ್ಟಿದ ಕೈಗಳ ಹೆಸರು ಯಾವ ಶಾಸನದಲ್ಲೂ ಇಲ್ಲ.

ಜನವಸತಿಗೂ ನದಿಯಂಚಿನ ಪುರಗಳಿಗೂ ನಡುವೆ ನೀರಾವರಿ ಕಣಿವೆಯಿದೆ. ತುಂಗಭದ್ರೆಯಿಂದ ತಿರುಗಿಸಿದ ತುರ್ತು ಕಾಲುವೆ ಈ ಕಣಿವೆಯುದ್ದಕ್ಕೂ ಹರಿದು ಬಾಳೆ, ಕಬ್ಬು, ಭತ್ತಕ್ಕೆ ಇಂದಿಗೂ ನೀರುಣಿಸುತ್ತದೆ. ನಗರದ ಬಹುಪಾಲು ಕಟ್ಟಡಗಳಿಗಿಂತ ಹೆಚ್ಚು ಕಾಲ ದುಡಿದದ್ದು ಈ ಕಾಲುವೆ.

ನದಿಯಂಚಿನ ಪುರಗಳಲ್ಲಿ ಹಿರಿಯದು ವಿರೂಪಾಕ್ಷಪುರ, ಅಂದರೆ ಇಂದಿನ ಹಂಪಿ. ರಾಜಧಾನಿ ಹುಟ್ಟುವ ಮೊದಲೇ ಇದು ಪಂಪಾಕ್ಷೇತ್ರವಾಗಿತ್ತು. ಹೇಮಕೂಟ ಬೆಟ್ಟದ ಚಿಕ್ಕ ಗುಡಿಗಳಲ್ಲಿ ಹಲವು ಆ ಹಿಂದಿನ ಕಾಲದವು. ವಿರೂಪಾಕ್ಷನ ಗೋಪುರದ ಮುಂದಿನಿಂದ ದೊಡ್ಡ ಏಕಶಿಲೆಯ ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ತೇರಿನ ಬೀದಿ, ಇಕ್ಕೆಲಗಳಲ್ಲಿ ಕಲ್ಲಿನ ಸಾಲುಮಂಟಪಗಳು. ದೇವಸ್ಥಾನದ ರಂಗಮಂಟಪವನ್ನು ಕೃಷ್ಣದೇವರಾಯ 1510ರಲ್ಲಿ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ.

ಹೇಮಕೂಟದ ದಕ್ಷಿಣಕ್ಕೆ ಇಳಿದರೆ ಕೃಷ್ಣಾಪುರ. ಕೃಷ್ಣದೇವರಾಯ ಒಡಿಶಾದ ಗಜಪತಿ ಅರಸನಿಂದ ಉದಯಗಿರಿ ಕೋಟೆಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು ಇಲ್ಲಿ ಪ್ರತಿಷ್ಠಾಪಿಸಿದ. 1515ರ ಶಾಸನ ಇದನ್ನು ದಾಖಲಿಸಿದೆ. ಒಂದು ಯುದ್ಧದ ಗೆಲುವು ಹೀಗೆ ಒಂದು ಬಡಾವಣೆಯಾಯಿತು. ಗುಡಿಯ ಎದುರಿನ ಬಜಾರು, ಪುಷ್ಕರಿಣಿ ಇನ್ನೂ ಇವೆ. ಮೂರ್ತಿ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ತುಸು ಆಚೆಗೆ 1528ರ ಲಕ್ಷ್ಮೀನರಸಿಂಹನ ಏಕಶಿಲಾ ವಿಗ್ರಹ, ಅದರ ಮಗ್ಗುಲಲ್ಲಿ ಸದಾ ನೀರಿನಲ್ಲಿ ನಿಂತ ಬಡವಿಲಿಂಗ.

ಮತಂಗ ಬೆಟ್ಟದ ಪೂರ್ವಕ್ಕೆ, ಅದಕ್ಕೂ ಗಂಧಮಾದನ ಬೆಟ್ಟಕ್ಕೂ ನಡುವಿನ ಕಣಿವೆಯಲ್ಲಿ ಅಚ್ಯುತಾಪುರವಿದೆ. ಅರಸ ಅಚ್ಯುತದೇವರಾಯನ ಭಾವಮೈದುನ ಹಿರಿಯ ತಿರುಮಲರಾಜ 1534ರಲ್ಲಿ ತಿರುವೆಂಗಳನಾಥನಿಗಾಗಿ ಎರಡು ಸುತ್ತಿನ ದೊಡ್ಡ ದೇವಸ್ಥಾನ ಕಟ್ಟಿಸಿದ. ಎದುರಿನ ಅಚ್ಯುತಪೇಟೆಯನ್ನು ಈಚಿನವರು ಸೂಳೆಬಜಾರು ಎಂದು ಕರೆಯುತ್ತಾರೆ. ಹಳೆಯ ಹೆಸರನ್ನೇ ಬಳಸುವುದು ಲೇಸು. ಮುಂಜಾನೆ ಮತಂಗ ಬೆಟ್ಟದ ನೆತ್ತಿಯಿಂದ ನೋಡಿದರೆ ಗುಡಿ, ಬೀದಿ, ಕೊಳ ಮೂರೂ ಒಂದೇ ಪುರವಾಗಿ ಕಣ್ಣಿಗೆ ಬೀಳುತ್ತವೆ. ಪುರವೆಂದರೇನು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಹಂಪಿಯಲ್ಲಿ ಇಲ್ಲ.

ನದಿಯ ಜೊತೆಗೇ ಈಶಾನ್ಯಕ್ಕೆ ನಡೆದರೆ ವಿಠ್ಠಲಾಪುರ. ಕೃಷ್ಣದೇವರಾಯನ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರು 1513ರಲ್ಲಿ ಇಲ್ಲಿನ ವಿಠ್ಠಲ ದೇವಸ್ಥಾನಕ್ಕೆ ಗೋಪುರಗಳನ್ನು ಕಟ್ಟಿಸಿದರು. ನೂರು ಕಂಬಗಳ ಮಂಟಪ 1516ರದು. ಉಯ್ಯಾಲೆ ಮಂಟಪವನ್ನು ಉದಯಗಿರಿ ತಿಮ್ಮರಾಜ 1554ರಲ್ಲಿ ಕಟ್ಟಿಸಿದ. ನಗರ ಹಾಳಾಗಲು ಆಗ ಹನ್ನೊಂದೇ ವರ್ಷ ಉಳಿದಿತ್ತು. ಗುಡಿಯೊಳಗಿನ ಕಲ್ಲಿನ ತೇರನ್ನು ನೋಡಲು ಬರುವವರು ಗುಡಿಯ ಮುಂದಿನ ಸುಮಾರು ಒಂದು ಕಿಲೋಮೀಟರ್ ಉದ್ದದ ಬೀದಿಯನ್ನು ಬರಿಯ ದಾರಿಯೆಂದು ದಾಟಿಬಿಡುತ್ತಾರೆ. ಸುತ್ತಲೂ ಆಳ್ವಾರರಿಗೂ ರಾಮಾನುಜರಿಗೂ ಕಟ್ಟಿದ ಗುಡಿಗಳಿವೆ. ತಿರುಮಂಗೈ ಆಳ್ವಾರರ ಗುಡಿ 1556ರದು. ಶ್ರೀವೈಷ್ಣವರು ನೆಲೆಸಿದ್ದ ಈ ಪುರಕ್ಕೂ ಶೈವರ ವಿರೂಪಾಕ್ಷಪುರಕ್ಕೂ ನಡುವೆ ಇರುವುದು ನದಿಯಂಚಿನ ಒಂದು ಕಾಲುದಾರಿ ಮಾತ್ರ. ಹೊಳೆಯ ದಂಡೆಯಲ್ಲಿ ಪುರಂದರದಾಸರ ಹೆಸರಿನ ಮಂಟಪವಿದೆ.

ಕಮಲಾಪುರದ ಪೂರ್ವಕ್ಕೆ ಅಚ್ಯುತದೇವರಾಯನ ರಾಣಿ ವರದಾಂಬಿಕೆಯ ಹೆಸರಿನ ವರದಾದೇವಿ ಅಮ್ಮನ ಪಟ್ಟಣವಿತ್ತು. ಅದರ ನಡುವಿನ ಪಟ್ಟಾಭಿರಾಮ ದೇವಸ್ಥಾನ ವಿಠ್ಠಲನ ಗುಡಿಗೆ ಸಾಟಿಯಾಗುವಷ್ಟು ದೊಡ್ಡದು. ಆದರೂ ಅಲ್ಲಿಗೆ ಹೋಗುವವರು ಕಡಿಮೆ. ಕಮಲಾಪುರದ ಕೆರೆ ಈಗಲೂ ತುಂಬುತ್ತದೆ. ಅಲ್ಲಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ಪ್ರದೇಶದ ಮಾದರಿಯನ್ನು ಕಟ್ಟಿಟ್ಟಿದ್ದಾರೆ. ಅದನ್ನು ಮೊದಲು ನೋಡಿ ನಡೆಯಲು ಹೊರಟರೆ ಗುಡ್ಡ, ಕಾಲುವೆ, ಪುರಗಳ ಸಂಬಂಧ ಬೇಗ ತಿಳಿಯುತ್ತದೆ.

ನದಿಯಾಚೆಯ ಆನೆಗೊಂದಿ ರಾಜಧಾನಿಗಿಂತ ಹಳೆಯ ಕೋಟೆ. ತಳವಾರಘಟ್ಟದ ಬಾಗಿಲಿನಿಂದ ಹೊಳೆಗೆ ಇಳಿದು, ಚರ್ಮ ಹೊದಿಸಿದ ಹರಗೋಲಿನಲ್ಲಿ ದಾಟುತ್ತಿದ್ದರು. ಹರಗೋಲುಗಳ ವಿಷಯ ಪಾಯಸನ ಬರಹದಲ್ಲೂ ಇದೆ.

1565ರ ಜನವರಿಯಲ್ಲಿ ದಖ್ಖನದ ಸುಲ್ತಾನರೊಡನೆ ನಡೆದ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ, ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಸತ್ತು, ಅವನ ತಮ್ಮ ತಿರುಮಲರಾಯ ಪೆನುಕೊಂಡೆಗೆ ಹೊರಟುಹೋದ. ತಿಂಗಳುಗಟ್ಟಲೆ ಸುಲಿಗೆಗೆ ಸಿಕ್ಕ ನಗರ ಬರಿದಾಯಿತು. ಎಲ್ಲ ಪುರಗಳೂ ಒಂದೇ ರೀತಿ ಅಳಿಯಲಿಲ್ಲ. ವಿಠ್ಠಲಾಪುರ, ಅಚ್ಯುತಾಪುರಗಳಲ್ಲಿ ಪೂಜೆ ನಿಂತಿತು. ವಿರೂಪಾಕ್ಷಪುರದಲ್ಲಿ ನಡೆದುಕೊಂಡು ಬಂತು. ಹಂಪಿಯ ಸಾಲುಮಂಟಪಗಳಲ್ಲಿ ಜನ ಮತ್ತೆ ಮನೆ, ಅಂಗಡಿ ಮಾಡಿಕೊಂಡಿದ್ದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. ಸ್ಮಾರಕ ರಕ್ಷಣೆಗಾಗಿ 2011ರಲ್ಲಿ ಬಜಾರಿನ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಕಲ್ಲು ಉಳಿಯಿತು, ಬೀದಿಯ ಬದುಕು ಹೋಯಿತು. ಪೇಟೆಯೆಂದರೆ ಅದರ ಜನವೂ ಸೇರಿಯೇ ಎಂಬುದನ್ನು ಮುಂದಿನ ಯೋಜನೆಗಳು ಮರೆಯಬಾರದು. ಕಮಲಾಪುರ, ಕದಿರಾಂಪುರ, ಮಲ್ಲಪ್ಪನಗುಡಿ, ಆನೆಗೊಂದಿಗಳು ಇಂದು ಜೀವಂತ ಊರುಗಳು. ಅನಂತಶಯನಗುಡಿ ಹೊಸಪೇಟೆಗೆ ಕೂಡಿಕೊಂಡಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಗೆ ಹೊಸಪೇಟೆಯೇ ಆಡಳಿತ ಕೇಂದ್ರ.