ಅಟ್ಟ ಮೇಲೆ ಒಲೆ ಉರಿದಂತೆ

ಆಳಂದ ತಾಲ್ಲೂಕಿನ ನಿಂಬರ್ಗಾ ಸುತ್ತಿನ ಹಳ್ಳಿಗಳು ತೊಗರಿ ಬೆಳೆಯುವ ಸೀಮೆಯವು. ಕಾಯಿ ಒಣಗದೆ ಇಲ್ಲಿ ಯಾರೂ ಬೆಳೆ ಕೊಯ್ಯುವುದಿಲ್ಲ. ಕಾಳು ಆರದೆ ಪೇಟೆಗೆ ಒಯ್ಯುವುದಿಲ್ಲ. ಒಯ್ದರೂ ಕೊಳ್ಳುವವನು ಒಂದು ಹಿಡಿ ಕಾಳನ್ನು ಅಂಗೈಗೆ ಹಾಕಿಕೊಂಡು ನೋಡುತ್ತಾನೆ. ತೇವವಿದ್ದರೆ ಬೆಲೆ ಇಳಿಯುತ್ತದೆ. ಹಣ ಕೊಡುವ ಮೊದಲೇ ಸರಕನ್ನು ಪರೀಕ್ಷಿಸುವುದು ವ್ಯಾಪಾರದ ಹಳೆಯ ನಿಯಮ. ಈ ನಿಯಮವನ್ನು ತಲೆಕೆಳಗು ಮಾಡಿದ ಉದ್ಯಮವೊಂದಿದೆ. ಅದು ವಿಡಿಯೊ ಗೇಮ್ ಉದ್ಯಮ. ಇಲ್ಲಿ ಅನೇಕ ವೇಳೆ ಗಿರಾಕಿ ಮೊದಲು ಹಣ ಕೊಡುತ್ತಾನೆ, ಅರೆಬೆಂದ ಆಟ ಅವನ ಕೈಗೆ ಬರುತ್ತದೆ, ಅದನ್ನು ಬೇಯಿಸುವ ಕೆಲಸ ಆಮೇಲೆ ನಡೆಯುತ್ತದೆ. ಈ ಪದ್ಧತಿ ಬೆಳೆದು ಬಂದದ್ದು ನಲವತ್ತು ವರ್ಷಗಳ ಕಥೆ. ಅದರ ಒಂದು ಎಳೆ ಬೆಂಗಳೂರಿಗೂ ಬಂದು ತಾಗುತ್ತದೆ.

1982ರ ಬೇಸಿಗೆಯಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ‘ಇ.ಟಿ.’ ಚಿತ್ರ ಅಮೆರಿಕದಲ್ಲಿ ಭಾರೀ ಯಶಸ್ಸು ಕಂಡಿತು. ಅದನ್ನು ಆಟವಾಗಿಸುವ ಹಕ್ಕಿಗೆ ಅಟಾರಿ ಕಂಪೆನಿ ಎರಡು ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತೆಂದು ಹೇಳಲಾಗುತ್ತದೆ. ಮಾತುಕತೆ ಮುಗಿದಾಗ ಜುಲೈ ಕೊನೆಯಾಗಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗಳಲ್ಲಿ ಸರಕು ಇರಬೇಕಾದರೆ ಸೆಪ್ಟೆಂಬರ್ ಆರಂಭಕ್ಕೆ ಆಟ ಸಿದ್ಧವಾಗಬೇಕಿತ್ತು. ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಸುಮಾರು ಐದು ವಾರಗಳಲ್ಲಿ ಮುಗಿಸಿದರು. ಆಟದ ನಾಯಕ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿದ್ದ. ಆಡುವ ಮಕ್ಕಳು ಬೇಸತ್ತರು. ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಲಾಯಿತು. ಅದೇ ಕಾಲಕ್ಕೆ ಅಮೆರಿಕದ ಗೇಮ್ ಮಾರುಕಟ್ಟೆಯೇ ಕುಸಿಯಿತು. ಕುಸಿತಕ್ಕೆ ‘ಇ.ಟಿ.’ ಒಂದೇ ಕಾರಣವಲ್ಲ. ಅವಸರದ, ಕಳಪೆ ಆಟಗಳ ಮಹಾಪೂರವೇ ಬಂದಿತ್ತು. ಕೊಂಡವರ ನಂಬಿಕೆ ಹೋಗಿತ್ತು.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ಅಮೆರಿಕಕ್ಕೆ ಬಂದಾಗ ಈ ಪಾಠವನ್ನು ಮರೆಯಲಿಲ್ಲ. ತನ್ನ ಯಂತ್ರಕ್ಕೆ ಬೇರೆಯವರು ಮಾಡಿದ ಆಟಗಳೂ ತನ್ನ ಪರೀಕ್ಷೆ ದಾಟಿ, ತನ್ನ ಮುದ್ರೆ ಪಡೆದೇ ಮಾರಾಟಕ್ಕೆ ಹೋಗಬೇಕೆಂದು ಅದು ನಿಯಮ ಮಾಡಿತು. ಆಗಿನ ಆಟಗಳು ಕಾರ್ಟ್ರಿಜ್‌ನೊಳಗಿನ ಚಿಪ್‌ನಲ್ಲಿ ಶಾಶ್ವತವಾಗಿ ಅಚ್ಚಾಗುತ್ತಿದ್ದವು. ಒಂದು ತಪ್ಪು ಉಳಿದರೆ ಲಕ್ಷಾಂತರ ಪ್ರತಿಗಳಲ್ಲಿ ಅದು ಕಲ್ಲಿನ ಬರಹದಂತೆ ಉಳಿಯುತ್ತಿತ್ತು. ತಿದ್ದಲಾಗದು ಎಂಬ ಭಯವೇ ಗುಣಮಟ್ಟವನ್ನು ಕಾಯುತ್ತಿತ್ತು ಎನ್ನಬಹುದು.

ಆ ಭಯವನ್ನು ಹೋಗಲಾಡಿಸಿದ್ದು ಇಂಟರ್‌ನೆಟ್. ತೊಂಬತ್ತರ ದಶಕದಲ್ಲೇ ಕಂಪ್ಯೂಟರ್ ಆಟಗಳಿಗೆ ‘ಪ್ಯಾಚ್’ಗಳು ಬರತೊಡಗಿದ್ದವು. ಪ್ಯಾಚ್ ಎಂದರೆ ತೇಪೆ. ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಪ್ರೋಗ್ರಾಂ ಬರೆಯುತ್ತಿದ್ದ ಕಾಲದಲ್ಲಿ ತಪ್ಪು ರಂಧ್ರದ ಮೇಲೆ ನಿಜವಾಗಿಯೇ ತೇಪೆ ಅಂಟಿಸುತ್ತಿದ್ದರು. ಹೆಸರು ಅಲ್ಲಿಂದ ಬಂತು. 2005 ಮತ್ತು 2006ರಲ್ಲಿ ಬಂದ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಯಂತ್ರಗಳೊಂದಿಗೆ ತೇಪೆ ಹಚ್ಚುವ ಸೌಲಭ್ಯ ಟಿ.ವಿ. ಮುಂದಿನ ಆಟಗಳಿಗೂ ದೊರೆಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿ ತೇಪೆಗಳಿಂದಲೇ ಆದದ್ದು, ಅದರ ಚೆಲುವೇ ಅದು. ಆದರೆ ಹೊಸ ಬಟ್ಟೆಯೆಂದು ಹಣ ಕೊಟ್ಟವನ ಕೈಗೆ ಹರಿದ ಬಟ್ಟೆ ಕೊಟ್ಟು, ತೇಪೆ ಆಮೇಲೆ ಕಳಿಸುತ್ತೇವೆ ಎಂದರೆ ಅದು ಬೇರೆಯ ಮಾತು.

2015ರ ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್ 5’ ಇದಕ್ಕೆ ತಕ್ಕ ಉದಾಹರಣೆ. ಆಟಗಾರನ ಹೆಸರು ಬಳಸುವ ಪರವಾನಗಿ ಆ ವರ್ಷದ ಕೊನೆಗೆ ಮುಗಿಯಲಿತ್ತು; ಅಷ್ಟರೊಳಗೆ ಆಟ ಹೊರಬರಲೇಬೇಕಿತ್ತು. ಅಂಗಡಿಯಲ್ಲಿ ಮಾರಿದ ಡಿಸ್ಕ್‌ನಲ್ಲಿ ಸುಮಾರು 4.6 ಗಿಗಾಬೈಟ್ ಇತ್ತು. ಮೊದಲ ದಿನವೇ ಇಳಿಸಿಕೊಳ್ಳಬೇಕಾದ ತೇಪೆ 7.7 ಗಿಗಾಬೈಟ್. ಅದಿಲ್ಲದೆ ಕಲಿಕೆಯ ಪಾಠ ಮತ್ತು ಮೈದಾನ ಕಟ್ಟುವ ಭಾಗ ಬಿಟ್ಟರೆ ಹೆಚ್ಚೇನೂ ಆಡಲಾಗುತ್ತಿರಲಿಲ್ಲ. ಮಹಾನಗರದಲ್ಲಿ ಇದು ಅರ್ಧ ಗಂಟೆಯ ಕಿರಿಕಿರಿ. ಮೊಬೈಲ್ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಬೇಕಾದ ಊರಿನಲ್ಲಿ, ಕೊಂಡ ವಸ್ತುವೇ ಕೈಗೆ ಬಂದಿಲ್ಲವೆಂದು ಇದರ ಅರ್ಥ.

ಎಲ್ಲಕ್ಕಿಂತ ದೊಡ್ಡ ಪ್ರಕರಣ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪೆನಿಯ ‘ಸೈಬರ್‌ಪಂಕ್ 2077’. 2012ರಲ್ಲಿ ಘೋಷಿತವಾದ ಈ ಆಟ, ಮೂರು ಸಲ ಮುಂದೂಡಲ್ಪಟ್ಟು 2020ರ ಡಿಸೆಂಬರ್ 10ರಂದು ಬಂತು. ಅಷ್ಟರಲ್ಲಿ 80 ಲಕ್ಷ ಪ್ರತಿಗಳು ಮುಂಗಡವಾಗಿಯೇ ಮಾರಾಟವಾಗಿದ್ದವು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಪ್ರಬಲ ಕಂಪ್ಯೂಟರಿನಲ್ಲಿ ಓಡುವ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಟ ತಡವರಿಸುತ್ತಿತ್ತು, ನಡುವೆಯೇ ನಿಂತುಹೋಗುತ್ತಿತ್ತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂದಿರುಗಿಸಲು ಒಪ್ಪಿತು. ಆಟ ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಮಾರ್ಚಿನ್ ಇವಿನ್ಸ್‌ಕಿ 2021ರ ಜನವರಿಯಲ್ಲಿ ಬಹಿರಂಗವಾಗಿ ಕ್ಷಮೆ ಕೋರಿ, ಬಿಡುಗಡೆಯ ನಿರ್ಧಾರ ತಮ್ಮದು ಮತ್ತು ಆಡಳಿತ ಮಂಡಳಿಯದು, ಕೆಲಸಗಾರರದಲ್ಲ ಎಂದರು. ಈ ಮಾತು ಮುಖ್ಯವಾದುದು. ಬಿಡುಗಡೆಗೆ ಮುನ್ನ ವಾರಕ್ಕೆ ಆರು ದಿನ ದುಡಿದವರು ಆ ಕೆಲಸಗಾರರೇ. ದೋಷಗಳು ಸೋಮಾರಿತನದಿಂದ ಹುಟ್ಟುವುದು ಕಡಿಮೆ. ದಿನಾಂಕದಿಂದ ಹುಟ್ಟುವುದೇ ಹೆಚ್ಚು.

ಬೆಂಗಳೂರಿನ ಎಳೆ ಬರುವುದು ಇಲ್ಲಿ. 1997ರಲ್ಲಿ ರಾಜೇಶ್ ರಾವ್ ಈ ನಗರದಲ್ಲಿ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯನ್ನು ಆರಂಭಿಸಿದರು. ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಅದು ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರಾಯಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಆಟಗಳ ರಾಕ್‌ಸ್ಟಾರ್ ಕಂಪೆನಿ 2016ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು. 2019ರಲ್ಲಿ ಧ್ರುವವನ್ನೂ ಕೊಂಡಿತು. 2012ರಲ್ಲೇ ಕರ್ನಾಟಕ ಸರಕಾರ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿತ್ತು.

ಇದೇ ರಾಕ್‌ಸ್ಟಾರ್ 2021ರ ನವೆಂಬರ್‌ನಲ್ಲಿ ತನ್ನ ಮೂರು ಹಳೆಯ ಆಟಗಳನ್ನು ಹೊಸ ರೂಪದಲ್ಲಿ ಹೊರತಂದಿತು. ನವೀಕರಣ ಮಾಡಿದ್ದು ಅಮೆರಿಕದ ಗ್ರೋವ್ ಸ್ಟ್ರೀಟ್ ಗೇಮ್ಸ್ ಎಂಬ ಸಂಸ್ಥೆ. ಮಳೆ ಬಂದರೆ ದಾರಿ ಕಾಣುತ್ತಿರಲಿಲ್ಲ. ನಟ್ಟಿನ ಹೆಸರು ಹೊತ್ತ ಅಂಗಡಿಯೊಂದರ ಮೇಲಿದ್ದ ಆರು ಮೂಲೆಯ ನಟ್ಟು ಉರುಟಾಗಿ ಹೋಗಿತ್ತು. ಒಂದು ವಾರದಲ್ಲಿ ಕಂಪೆನಿ ಕ್ಷಮೆ ಕೇಳಿ, ಹಿಂತೆಗೆದಿದ್ದ ಹಳೆಯ ಆವೃತ್ತಿಗಳನ್ನು ಕಂಪ್ಯೂಟರ್ ಆಟಗಾರರಿಗೆ ಮತ್ತೆ ಒದಗಿಸಿತು. ಮುಂದಿನ ದೊಡ್ಡ ಆಟವಾದ ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಅನ್ನು 2025ರಲ್ಲಿ ಅದು ಎರಡು ಸಲ ಮುಂದೂಡಿತು. ಎರಡು ಸಲವೂ ಮಾತೃಸಂಸ್ಥೆಯ ಷೇರು ಬೆಲೆ ಇಳಿಯಿತು. ಕಾಯುವ ಕಂಪೆನಿಗೆ ಪೇಟೆ ದಂಡ ಹಾಕುತ್ತದೆ. ಅವಸರಿಸಿದರೆ ಆ ದಂಡವನ್ನು ಆಡುವವನು ತೆರುತ್ತಾನೆ. ರೋಗದ ಮೂಲ ಇದೇ.

ಮದ್ದು ಇಲ್ಲವೆಂದಲ್ಲ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್ 2015ರಿಂದ, ಕೊಂಡ ಎರಡು ವಾರಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತದೆ. ಮುಂಗಡ ಕೊಡದೆ, ನಾಲ್ಕು ದಿನ ತಡೆದು ಕೊಳ್ಳುವ ಗಿರಾಕಿ ಅದಕ್ಕಿಂತ ದೊಡ್ಡ ಮದ್ದು. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎನ್ನುವ ಗಾದೆ ಕಂಪೆನಿಗೆ ಸಲ್ಲುವಷ್ಟೇ ಕೊಳ್ಳುವವನಿಗೂ ಸಲ್ಲುತ್ತದೆ.

2014ರಲ್ಲಿ ಅಲಮೊಗಾರ್ಡೊದ ಗುಂಡಿಯನ್ನು ಅಗೆದಾಗ ‘ಇ.ಟಿ.’ ಕಾರ್ಟ್ರಿಜ್‌ಗಳು ಸಿಕ್ಕವು. ಅವುಗಳಲ್ಲೊಂದು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಕೆಟ್ಟ ಆಟವೇ ಆದರೂ ಅದರೊಳಗೆ ಇಡೀ ಆಟವಿತ್ತು. ಇಂದಿನ ಡಿಸ್ಕ್‌ಗಳನ್ನು ಮುಂದೊಂದು ದಿನ ಯಾರಾದರೂ ಅಗೆದು ತೆಗೆದರೆ, ತೇಪೆ ಕಳಿಸುವ ಕಂಪ್ಯೂಟರುಗಳು ಅಷ್ಟರಲ್ಲಿ ನಿಂತುಹೋಗಿದ್ದರೆ, ಅವರ ಕೈಗೆ ಸಿಗುವುದು ಅರ್ಧ ಆಟ ಮಾತ್ರ.